ಕೊನೆಯ ಕ್ಷಣದ ಸವಾಲು

ಧಾರವಾಡದ ಕಡೆಯವರಾದ ನಾವು ಲಿಲಾವು ಎನ್ನುವುದನ್ನು ಮೈಸೂರಿನ ಕಡೆ ಹರಾಜು ಎನ್ನುತ್ತಾರೆ, ಮಂಗಳೂರಿನ ಕಡೆ ಏಲಂ ಎನ್ನುತ್ತಾರೆ. ಹರಾಜು ಅರಬ್ಬಿ ಮೂಲದ ಪದ. ಪಾರಸಿ, ಉರ್ದುಗಳ ದಾರಿಯಾಗಿ ನಮ್ಮಲ್ಲಿಗೆ ಬಂದದ್ದು. ಲಿಲಾವು, ಏಲಂ ಎರಡೂ ಪೋರ್ತುಗೀಸರು ಬಿಟ್ಟುಹೋದ ಒಂದೇ ಪದದ ಕವಲುಗಳು. ಪುಣೆಗೆ ಬಂದ ಮೇಲೆ ಮರಾಠಿಯ ‘ಲಿಲಾವ್’ ನನಗೆ ಹೊಸದೆನಿಸಲಿಲ್ಲ. ಹೆಸರು ಯಾವುದಾದರೂ ಕೂಗುವ ಕ್ರಮ ಒಂದೇ: ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಮೂರನೆಯ ಕೂಗು ಮುಗಿಯುವುದರೊಳಗೆ ಯಾರಾದರೂ ಹತ್ತು ರೂಪಾಯಿ ಏರಿಸಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ಮನಸ್ಸು ಮಾಡಲು ಇನ್ನೊಬ್ಬನಿಗೂ ಸಮಯ ಕೊಡುವ ಈ ಸೌಜನ್ಯ ಆ ಕೂಗಿನಲ್ಲೇ ಅಡಗಿದೆ.

ಅಂತರಜಾಲದ ಅನೇಕ ಹರಾಜುಗಳಲ್ಲಿ ಈ ಕೂಗಿಲ್ಲ, ಗಡಿಯಾರವಿದೆ. ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಮುಗಿಯುತ್ತದೆ ಎಂದರೆ ಮುಗಿಯಿತು. ಆದ್ದರಿಂದ ವಾರವಿಡೀ ಸುಮ್ಮನಿದ್ದವರು ಕೊನೆಯ ಹತ್ತು ಸೆಕೆಂಡುಗಳಲ್ಲಿ ಎದ್ದು ಕೂರುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ನೈಪಿಂಗ್’ ಎಂದು ಹೆಸರು; ಮರೆಯಲ್ಲಿ ಕುಳಿತು ಗುರಿಯಿಟ್ಟು ಹೊಡೆಯುವುದು. ಇದು ಜಾಣತನವೋ ಅನ್ಯಾಯವೋ ಎಂಬ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ.

ಇದು ಹಳೆಯ ವಿದ್ಯೆ. 17ನೆಯ ಶತಮಾನದ ಲಂಡನ್ನಿನಲ್ಲಿ ಮೋಂಬತ್ತಿಯ ತುಂಡೊಂದನ್ನು ಹಚ್ಚಿಟ್ಟು ಹಡಗುಗಳನ್ನು ಹರಾಜು ಹಾಕುತ್ತಿದ್ದರು. ಬತ್ತಿ ಆರುವ ಮುನ್ನ ಕೊನೆಯದಾಗಿ ಕೂಗಿದವನಿಗೆ ಹಡಗು. 1662ರ ದಿನಚರಿಯಲ್ಲಿ ಸ್ಯಾಮ್ಯುಯಲ್ ಪೀಪ್ಸ್ ಇಂಥದೊಂದು ಹರಾಜನ್ನು ದಾಖಲಿಸಿದ್ದಾನೆ. ಅಲ್ಲಿ ಒಬ್ಬ ಪ್ರತಿಸಲವೂ ಸರಿಯಾದ ಗಳಿಗೆಗೆ ಕೂಗುತ್ತಿದ್ದನಂತೆ. ಗುಟ್ಟೇನೆಂದು ಕೇಳಿದರೆ, ಆರುವ ಮುನ್ನ ಬತ್ತಿಯ ಹೊಗೆ ಕೆಳಮುಖವಾಗುತ್ತದೆ, ಅದನ್ನೇ ನೋಡುತ್ತಿರುತ್ತೇನೆ ಎಂದನಂತೆ.

ನನ್ನ ಆಸಕ್ತಿಗೆ ಕಾರಣ ನಮ್ಮ ಓಣಿಯ ಕಾಕಾ. ಗದಗಿನ ಕಡೆಯವರು, ಪುಣೆಯಲ್ಲಿ ಐವತ್ತು ವರ್ಷ ಕಳೆದವರು. 78 ಆರ್‌ಪಿಎಂ ಗ್ರಾಮೋಫೋನ್ ತಟ್ಟೆಗಳ ಹುಚ್ಚು. ಹಿಂದೆ ಬುಧವಾರ, ಭಾನುವಾರ ತಪ್ಪದೆ ಜುನಾ ಬಾಜಾರಿಗೆ ಹೋಗಿ ರದ್ದಿ ರಾಶಿಯಲ್ಲಿ ಕೈಯಾಡಿಸುತ್ತಿದ್ದರು. ಮೊಣಕಾಲು ಸೋತ ಮೇಲೆ ಮೊಬೈಲಿನಲ್ಲಿ ಹರಾಜು ನೋಡತೊಡಗಿದರು. ವಾರವಿಡೀ ನೂರು ನೂರು ರೂಪಾಯಿ ಏರಿಸುತ್ತಾ ಮುಂದಿರುತ್ತಿದ್ದರು. ಕೊನೆಯ ಐದು ಸೆಕೆಂಡಿನಲ್ಲಿ ಯಾರೋ ಬಂದು ಒಯ್ದುಬಿಡುತ್ತಿದ್ದರು. ಎಪ್ಪತ್ತೆಂಟರ ಬೆರಳಿಗೆ ಐದು ಸೆಕೆಂಡು ಯಾತಕ್ಕೂ ಸಾಲದು.

ನಾನು ಅವರಿಗೆ ವಿವರಿಸಿದ್ದು ಇಷ್ಟು. ಇಂಥ ತಾಣಗಳಲ್ಲಿ ನಾವು ನಮೂದಿಸುವುದು ನಮ್ಮ ಗರಿಷ್ಠ ಬೆಲೆ; ಅದು ಗುಟ್ಟಾಗಿರುತ್ತದೆ. ಯಂತ್ರ ನಮ್ಮ ಪರವಾಗಿ ಅಗತ್ಯವಿದ್ದಷ್ಟೇ ಏರಿಸುತ್ತದೆ. ಗೆದ್ದವನು ಕೊಡುವುದು ಎರಡನೆಯವನ ಬೆಲೆಗಿಂತ ಒಂದು ಮೆಟ್ಟಿಲು ಹೆಚ್ಚು, ತನ್ನ ಪೂರ್ತಿ ಬೆಲೆಯನ್ನಲ್ಲ. ಗೆದ್ದವನು ಎರಡನೆಯವನ ಬೆಲೆ ತೆರುವ ಮುಚ್ಚಿದ ಹರಾಜಿನಲ್ಲಿ ನಿಜವಾದ ಬೆಲೆಯನ್ನು ಹೇಳುವುದೇ ಲಾಭಕರ ಎಂದು ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದ. ಹಾಗಾದರೆ ಮೊದಲ ದಿನವೇ ಬರೆದಿಟ್ಟು ಮಲಗಬಹುದಲ್ಲ, ಕೊನೆಯ ಕ್ಷಣಕ್ಕೆ ಕಾಯುವುದೇಕೆ?

ಕಾರಣಗಳಿವೆ. ಎದುರಿಗಿರುವವರೆಲ್ಲ ವಿಕ್ರಿಯನ್ನು ಓದಿದವರಲ್ಲ. ಕಾಕಾನ ಹಾಗೆ, ಮೇಲೆ ಬಿದ್ದಾಗಲೆಲ್ಲ ಏರಿಸುವವರೇ ಹೆಚ್ಚು. ತಡವಾಗಿ ಹೋದರೆ ಅವರಿಗೆ ಏರಿಸಲು ಸಮಯವಿರುವುದಿಲ್ಲ. ಮಾರುವವನೇ ತನ್ನ ಜನರಿಂದ ಸುಳ್ಳು ಸವಾಲು ಹಾಕಿಸುತ್ತಿದ್ದರೆ ಅವನಿಗೂ ನಮ್ಮ ಆಳ ಅಳೆಯಲು ಅವಕಾಶವಿಲ್ಲ. ಮೂರನೆಯದು ಬಲ್ಲವರ ಕಷ್ಟ: ತಟ್ಟೆಗಳನ್ನು ಬಲ್ಲವನು ಮೊದಲೇ ಕೈಯೆತ್ತಿದರೆ, ಇದು ಅಪರೂಪದ್ದಿರಬೇಕು ಎಂದು ಬಲ್ಲದವರಿಗೂ ತಿಳಿಯುತ್ತದೆ. 2002ರಲ್ಲಿ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ನಿಗದಿತ ಗಳಿಗೆಗೆ ಮುಗಿಯುವ ಇಬೇಯಲ್ಲಿ ಕೊನೆಯ ಗಳಿಗೆಯ ಸವಾಲು ಹೆಚ್ಚು, ಅದರಲ್ಲೂ ಕಂಪ್ಯೂಟರಿಗಿಂತ ಹಳೆಯ ವಸ್ತುಗಳಲ್ಲಿ ಹೆಚ್ಚು. ಕೊನೆಯಲ್ಲಿ ಸವಾಲು ಬಂದರೆ ಹತ್ತು ನಿಮಿಷ ಮುಂದುವರಿಯುತ್ತಿದ್ದ ಅಮೆಜಾನಿನ ಹರಾಜಿನಲ್ಲಿ ತೀರ ಕಡಿಮೆ. ಪಳಗಿದವರು ಮೊದಲನೆಯ ಕಡೆ ಇನ್ನೂ ತಡಮಾಡುತ್ತಿದ್ದರು, ಎರಡನೆಯ ಕಡೆ ತಡಮಾಡುವುದನ್ನು ಬಿಡುತ್ತಿದ್ದರು. ಮನುಷ್ಯರ ಸ್ವಭಾವ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ನಿಯಮದ್ದು!

ಇಷ್ಟೆಲ್ಲ ಕೇಳಿದ ಕಾಕಾ ಅಂದರು: “ನನ್ನ ಪೂರಾ ಕಿಮ್ಮತ್ತು ಮೊದಲಽ ಹೇಳಿಬಿಟ್ರ ಲಿಲಾವು ಅನ್ನೂದು ಎಲ್ಲಿ ಉಳೀತಪಾ?”

ಆಮೇಲೆ ‘ಗಾಂಧಾರಿ ಹಾನಗಲ್’ ಹೆಸರಿನ ತಟ್ಟೆಯೊಂದು ಹರಾಜಿಗೆ ಬಂತು. ಗಂಗೂಬಾಯಿ ಹಾನಗಲ್ಲರು ಹಿಸ್ ಮಾಸ್ಟರ್ಸ್ ವಾಯ್ಸ್‌ಗೆ ಮೊದಮೊದಲು ಹಾಡಿದ್ದು ಆ ಹೆಸರಿನಲ್ಲಿ. ಗಂಟಲಿನ ಚಿಕಿತ್ಸೆಯ ನಂತರ ನಾವೆಲ್ಲ ಬಲ್ಲ ಆ ಗಂಭೀರ ಧ್ವನಿ ಬರುವುದಕ್ಕೆ ಹಿಂದಿನ, ತೆಳುವಾದ ಎತ್ತರದ ದನಿ ಉಳಿದಿರುವುದು ಅಂಥ ತಟ್ಟೆಗಳಲ್ಲಿ ಮಾತ್ರ. ಕಾಕಾ ಹಿಂದಿನ ದಿನವೇ ಚೀಟಿಯಲ್ಲಿ 4,500 ಎಂದು ಬರೆದು ನನ್ನ ಕೈಗಿಟ್ಟರು. ಮುಗಿಯಲು ಎಂಟು ಸೆಕೆಂಡು ಇರುವಾಗ ಬೆಲೆ 2,100. ನಾನು ಒತ್ತಿದೆ. ಅದು ನೇರವಾಗಿ 4,600ಕ್ಕೆ ಹಾರಿತು, ಗೆದ್ದದ್ದು ಬೇರೊಬ್ಬರು. ಅವರು ನಮಗಿಂತ ಹೆಚ್ಚಿನ ಬೆಲೆಯನ್ನು ಮೂರು ದಿನ ಮುಂಚೆಯೇ ಬರೆದಿಟ್ಟು ತಮ್ಮ ಪಾಡಿಗಿದ್ದರು.

“ಅವ ಎಷ್ಟು ಬರದಿದ್ದ?” ಎಂದು ಕಾಕಾ ಕೇಳಿದರು. ಅದು ತಿಳಿಯುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನ ಐದು ಮಿನಿಟು ಸಿಕ್ಕಿದ್ರ ಈ ತಿಂಗಳ ಪೆನ್ಶನ್ ಪೂರಾ ಇಡ್ತಿದ್ದೆ” ಎಂದರು. ಆ ಮಾತಿನಲ್ಲಿ ವಿಷಾದವೂ ಇತ್ತು, ಪಾರಾದ ನೆಮ್ಮದಿಯೂ ಇತ್ತು.

ಕೊನೆಯ ಕ್ಷಣದ ತಂತ್ರದ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿವೆ. ಹೆಚ್ಚು ಬೆಲೆ ಕಟ್ಟಿದವನನ್ನು ಅದು ಸೋಲಿಸಲಾರದು. ಕರೆಂಟು ಹೋದರೆ, ನೆಟ್‌ವರ್ಕ್ ಮುಗ್ಗರಿಸಿದರೆ ಅವಕಾಶವೇ ಇಲ್ಲ. ಅದು ಖಚಿತವಾಗಿ ತಡೆಯುವುದು ನಮ್ಮನ್ನೇ. ಪೈಪೋಟಿಯ ಬಿಸಿಯಲ್ಲಿ, ಹಟಕ್ಕೆ ಬಿದ್ದು ನಾಳೆ ಹಳಹಳಿಸುವ ಬೆಲೆಗೆ ಕೈಯೆತ್ತದಂತೆ ಅದು ಕಾಯುತ್ತದೆ. ಹಿಂದಿನ ದಿನ ಚೀಟಿ ಬರೆಯುವ ಶಿಸ್ತಿಲ್ಲದವನಿಗೆ ಮಾತ್ರ ಆ ರಕ್ಷಣೆಯೂ ಇಲ್ಲ.

ಆದರೆ ಎಲ್ಲ ಹರಾಜಿಗೂ ಈ ಗಡಿಯಾರ ಸಲ್ಲದು. ಸಾಲ ತೀರದ ಮನೆಗಳನ್ನು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ಇ-ಹರಾಜು ಹಾಕುವಾಗ, ಕೊನೆಯ ನಿಮಿಷಗಳಲ್ಲಿ ಸವಾಲು ಬಂದರೆ ಅವಧಿ ಇನ್ನೈದು ನಿಮಿಷ ತಾನಾಗಿ ಮುಂದುವರಿಯುವ ಷರತ್ತು ಸಾಮಾನ್ಯ. ಅಲ್ಲಿ ಮರೆಯಲ್ಲಿ ಕುಳಿತವನು ಅಗ್ಗಕ್ಕೆ ಹೊಡೆದುಕೊಂಡರೆ ನಷ್ಟ ಮನೆ ಕಳೆದುಕೊಂಡವನದು, ಉಳಿದ ಸಾಲ ಅವನ ತಲೆಯ ಮೇಲೆಯೇ ಇರುತ್ತದೆ. ಶಿರಸಿಯ ಅಡಿಕೆ ವ್ಯಾಪಾರದಲ್ಲಿ ವ್ಯಾಪಾರಿಗಳು ರಾಶಿ ನೋಡಿ ಬೆಲೆ ಬರೆದುಕೊಡುವ ಟೆಂಡರ್ ಪದ್ಧತಿ. ಪುಣೆಯ ಆರ್‌ಟಿಒದಲ್ಲಿ ಒಂದೇ ಚಂದದ ನಂಬರಿಗೆ ಇಬ್ಬರು ಬಂದರೆ ಮುಚ್ಚಿದ ಲಕೋಟೆಯಲ್ಲಿ ಹೆಚ್ಚುವರಿ ಹಣದ ಡ್ರಾಫ್ಟ್ ಕೇಳುವ ಪದ್ಧತಿ ಬಹುಕಾಲ ನಡೆದಿದೆ. ಅವುಗಳಲ್ಲಿ ಕೊನೆಯ ಕ್ಷಣಕ್ಕೆ ಅರ್ಥವೇ ಇಲ್ಲ. ಬೆರಳಿನ ಚುರುಕಿಗೆ ಬಹುಮಾನವೂ ಇಲ್ಲ.

ಆದ್ದರಿಂದ ಕೊನೆಯ ಕ್ಷಣದಲ್ಲಿ ಸವಾಲು ಹಾಕುವವನನ್ನು ನಾನು ದೂರಲಾರೆ. ಇದ್ದ ನಿಯಮದೊಳಗೆ ಅವನು ಆಡುತ್ತಾನೆ. ನಿಯಮ ಮಾಡುವವರನ್ನು ಮಾತ್ರ ಕೇಳಬೇಕು: ಮಾರುವವನ ಬೆನ್ನ ಹಿಂದೆ ಯಾರಿದ್ದಾರೆ? ಹಳೆಯ ತಟ್ಟೆಯ ರಾಶಿಯಿಟ್ಟುಕೊಂಡ ವ್ಯಾಪಾರಿಯಿದ್ದರೆ ಗಡಿಯಾರ ಸಾಕು. ಬೆವರು ಸುರಿಸಿದ ಬೆಳೆಗಾರನೋ, ಮನೆ ಕಳೆದುಕೊಂಡ ಸಂಸಾರವೋ ಇದ್ದರೆ, ಮೂರನೆಯ ಸಲ ಕೂಗುವ ಮುನ್ನ ಸುತ್ತ ನೋಡಿ ಸ್ವಲ್ಪ ತಡೆಯುತ್ತಿದ್ದ ಆ ಹಳೆಯ ಕ್ರಮವೇ ನ್ಯಾಯ.