ಡಕೋಟದ ಹುಲ್ಲುಗಾವಲಿನಲ್ಲಿ ಒಂದು ಬೇಟೆಯ ಕಾಲ

ಬೇಟೆಯ ವಿಚಾರವಾಗಿ ಬರೆಯುವ ಅರ್ಹತೆ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕೋವಿ ಹಿಡಿದವನಲ್ಲ. ಹತ್ತು ವರ್ಷಗಳಿಂದ ಹಳಗನ್ನಡ ಕಲಿಸುತ್ತಿರುವ ನನಗೆ ಬೇಟೆಯೆಂದರೆ ಚಂಪೂಕಾವ್ಯಗಳ ಒಂದು ವರ್ಣನೆ. ಅರ್ಥ ಹೇಳಿ, ಅಲಂಕಾರ ಬಿಡಿಸಿ, ಗಂಟೆ ಹೊಡೆಯುವಷ್ಟರಲ್ಲಿ ಮುಗಿಸುವ ಪಾಠ. ಆತಕೂರಿನ ಶಾಸನ ಬಂದ ದಿನ ಮಾತ್ರ ಹುಡುಗರು ತಲೆಯೆತ್ತುತ್ತಾರೆ. ಗಂಗರ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು ಎಂಬ ಕ್ರಿ.ಶ. 949-50ರ ಆ ವೃತ್ತಾಂತವನ್ನು ಹೇಳುವಾಗ ನನ್ನ ದನಿಯೂ ಸ್ವಲ್ಪ ಏರುತ್ತದೆ. ಆದರೆ ಬೇಟೆನಾಯಿಯೊಂದು ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು 2022ರಲ್ಲಿ, ಅದೂ ಏಳು ಸಮುದ್ರದಾಚೆಯ ದಕ್ಷಿಣ ಡಕೋಟದಲ್ಲಿ.

ನನ್ನ ಭಾವ ಅಲ್ಲಿನ ಅಬರ್ಡೀನ್ ಎಂಬ ಊರಿನಲ್ಲಿ ವೈದ್ಯರು. ಅಕ್ಕನ ಬಾಣಂತನಕ್ಕೆಂದು ಹೊರಟ ಅಮ್ಮನನ್ನು ಒಬ್ಬಳೇ ಕಳುಹಿಸಲಾರದೆ, ಸಂಬಳವಿಲ್ಲದ ರಜೆ ಹಾಕಿ ನಾನೂ ಹೊರಟೆ. ಮಿನಿಯಾಪೊಲಿಸ್ಸಿನಲ್ಲಿ ಪುಟ್ಟ ವಿಮಾನವೊಂದಕ್ಕೆ ಬದಲಾಯಿಸಿ ಇಳಿದಾಗ ಎದುರಿಗಿದ್ದುದು ಆಕಾಶ ಮಾತ್ರ. ಹಿಮನದಿಗಳು ಕರಗಿ ನಿಂತ ಪ್ರಾಚೀನ ಸರೋವರವೊಂದರ ತಳವಂತೆ ಆ ಬಯಲು. ಗುಡ್ಡವಿಲ್ಲ, ತಿರುವಿಲ್ಲ, ಮುಸುಕಿನ ಜೋಳ, ಸೋಯಾ, ನಡುನಡುವೆ ಹುಲ್ಲು. ಕೊಪ್ಪದ ಕಡೆಯ ಮಳೆಕಾಡಿನಲ್ಲಿ ಹುಟ್ಟಿ ಬೆಳೆದ ಅಮ್ಮ ಕಿಟಕಿಯಿಂದ ನೋಡಿ, "ಇದೇನೋ, ಇಡೀ ಊರನ್ನ ಒಬ್ಬಟ್ಟಿನ ಹಾಗೆ ತಟ್ಟಿಟ್ಟಿದ್ದಾರಲ್ಲೋ!" ಎಂದರು.

ಎದುರುಮನೆಯ ಮುದುಕರು ಎಪ್ಪತ್ತು ದಾಟಿದ ರೈತರು; ಹೊಲವನ್ನು ಮಗನಿಗೆ ಬಿಟ್ಟು ಊರು ಸೇರಿದ್ದವರು. ಅವರ ಸಂಗಾತಿ ಮೇಗಿ, ಸೆಟ್ಟರ್ ಜಾತಿಯ ಹೆಣ್ಣುನಾಯಿ. ಬಿಳಿಯ ಮೈಮೇಲೆ ಶಾಯಿ ಚಿಮುಕಿಸಿದಂತೆ ಕಪ್ಪು ಚುಕ್ಕೆ, ಜಾಲರಿಯಂಥ ಬಾಲ. ವಯಸ್ಸು ಹನ್ನೆರಡು. ಕಿವಿ ಮಂದ, ಕಣ್ಣಿಗೆ ಪೊರೆ. "ಇದು ಅವಳ ಕೊನೆಯ ಬೇಟೆಗಾಲ. ನೀವು ಜೊತೆಗೆ ಬಂದು ಸುಮ್ಮನೆ ನಡೆದರೆ ಸಾಕು, ಪ್ರೊಫೆಸರ್" ಎಂದು ಕರೆದರು. ದಾರಿಗೆಂದು ತಮ್ಮ ಹಳೆಯ ಕಿತ್ತಳೆ ಬಣ್ಣದ ಕೋಟೊಂದನ್ನೂ ಕೊಟ್ಟರು. ಅದರ ಜೇಬುಗಳಲ್ಲಿ ಹತ್ತಾರು ವರ್ಷಗಳ ಪುಕ್ಕ, ಮುಳ್ಳುಕಾಯಿ, ತಂಬಾಕಿನ ಪುಡಿ.

ಅಲ್ಲಿ ಬೇಟೆಯೆಂದರೆ ಫೆಸೆಂಟ್ ಹಕ್ಕಿ. ನಮ್ಮ ಕಾಡುಕೋಳಿ, ನವಿಲುಗಳ ಕುಲಕ್ಕೇ ಸೇರಿದ್ದು. ಹುಂಜಕ್ಕೆ ತಾಮ್ರದ ಮೈ, ಕೊರಳಲ್ಲಿ ಬೆಳ್ಳಗಿನ ಉಂಗುರ, ಮೊಳದುದ್ದದ ಬಾಲ. ಹೇಂಟೆ ಒಣಹುಲ್ಲಿನ ಬಣ್ಣದ ಬಡವಿ. 1943ರಿಂದ ಇದು ಆ ರಾಜ್ಯದ ಅಧಿಕೃತ ಪಕ್ಷಿಯೂ ಹೌದು. ಆದರೆ ಸ್ವಾರಸ್ಯವೆಂದರೆ ಅದು ಅಲ್ಲಿಯದೇ ಅಲ್ಲ, ಚೀನಾದ್ದು. ಶಾಂಘೈನಲ್ಲಿ ಅಮೆರಿಕದ ರಾಯಭಾರ ಕೆಲಸದಲ್ಲಿದ್ದ ಓವನ್ ಡೆನಿ ಎಂಬುವರು 1880ರ ದಶಕದ ಮೊದಲಲ್ಲಿ ಒರೆಗಾನಿಗೆ ಕಳುಹಿಸಿದ ಹಕ್ಕಿಗಳ ಸಂತಾನ ಹಬ್ಬಿತು. ದಕ್ಷಿಣ ಡಕೋಟದ ರೆಡ್‌ಫೀಲ್ಡಿನ ಬಳಿ 1908ರ ಸುಮಾರಿಗೆ ಅವನ್ನು ತಂದು ಬಿಟ್ಟರು. 1919ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಒಂದೇ ಒಂದು ದಿನ ಬೇಟೆಗೆ ಅನುಮತಿ ದೊರೆಯಿತು. "ನಾವೆಲ್ಲ ಬಂದವರೇ. ನಮ್ಮಜ್ಜ ಜರ್ಮನಿಯಿಂದ, ಹಕ್ಕಿ ಚೀನಾದಿಂದ" ಎಂದು ಮುದುಕರು ನಗುತ್ತಿದ್ದರು. ಬಾರದೆ ಮೊದಲೇ ಇದ್ದ ಲಕೋಟ ಜನರ ಮಾತನ್ನು ನಾನು ಎತ್ತಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ನಿಜವೇ" ಎಂದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಬರ್ಡೀನ್ ರೈಲುನಿಲ್ದಾಣದಲ್ಲಿ ನಿಂತ ಗಾಡಿಗಳ ಸೈನಿಕರಿಗೆ ಊರಿನ ಹೆಂಗಸರು ಫೆಸೆಂಟ್ ಮಾಂಸವಿಟ್ಟ ಸ್ಯಾಂಡ್‌ವಿಚ್ ಹಂಚುತ್ತಿದ್ದರಂತೆ. ಹಾಗೆ ತಿಂದುಹೋದವರು ಐದು ಲಕ್ಷಕ್ಕೂ ಮೇಲು. ಹಕ್ಕಿಯ ಭಾಗ್ಯ ಹುಲ್ಲಿನ ಮೇಲೆ ನಿಂತಿದೆ. ಹೊಲವನ್ನು ಉಳದೆ ಹುಲ್ಲಿಗೆ ಬಿಟ್ಟ ರೈತನಿಗೆ ಸರಕಾರ ಹಣ ಕೊಡುವ ಯೋಜನೆ 1985ರಲ್ಲಿ ಬಂದಾಗ ಗೂಡಿಗೆ ನೆಲೆಯಾಯಿತು, ಹಕ್ಕಿ ಹೆಚ್ಚಿತು. ಜೋಳದ ಬೆಲೆ ಏರಿದಾಗ ನೇಗಿಲು ಬಂತು, ಹಕ್ಕಿ ತಗ್ಗಿತು. ಕೋವಿಗಿಂತ ನೇಗಿಲೇ ಹೆಚ್ಚು ಹಕ್ಕಿ ಕೊಂದಿದೆಯೆಂದು ಮುದುಕರ ಮತ. ತಾವೂ ಹುಲ್ಲು ಉತ್ತವರೇ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಅಕ್ಟೋಬರಿನ ಮೂರನೆಯ ಶನಿವಾರ, ಹಗಲು 10 ಗಂಟೆಗೆ ಕಾಲ ಆರಂಭ. ಕಟ್ಟಳೆಗಳು ಬಿಗಿ. ಒಬ್ಬನಿಗೆ ದಿನಕ್ಕೆ ಮೂರೇ ಹಕ್ಕಿ, ಅದೂ ಹುಂಜ ಮಾತ್ರ. ಒಂದು ಹುಂಜಕ್ಕೆ ಹಲವು ಹೇಂಟೆಗಳಾದ್ದರಿಂದ ಹುಂಜ ಕಡಿಮೆಯಾದರೂ ಸಂತತಿ ನಿಲ್ಲದು. ನನಗಿದ್ದ ಕೆಲಸವೆಂದರೆ ಬದಿಯಲ್ಲಿ ನಡೆಯುತ್ತ, ಹಕ್ಕಿ ಎದ್ದೊಡನೆ "ಹುಂಜ!" ಅಥವಾ "ಹೇಂಟೆ!" ಎಂದು ಕೂಗುವುದು. ಮೊದಲ ದಿನ ಗಾಬರಿಯಲ್ಲಿ ನಾನು ಕನ್ನಡದಲ್ಲೇ ಕೂಗಿ, ಆ ಹುಂಜ ಬದುಕಿಕೊಂಡಿತು.

ಆದರೆ ನೋಡಬೇಕಾದ್ದು ಮೇಗಿಯನ್ನು. ಮನೆಯಲ್ಲಿ ಕುಂಟುತ್ತಿದ್ದ ನಾಯಿ ಗಾಳಿಗೆ ಮೂಗೊಡ್ಡಿದೊಡನೆ ಹರೆಯದ್ದಾಗುತ್ತಿತ್ತು. ಎದೆಯುದ್ದದ ಹುಲ್ಲಿನಲ್ಲಿ ಮಗ್ಗದ ಲಾಳಿಯಂತೆ ಅಡ್ಡಡ್ಡ ಓಡುವುದು. ವಾಸನೆ ಸಿಕ್ಕ ಕ್ಷಣ ಇದ್ದಲ್ಲೇ ಕಲ್ಲಾಗುವುದು. ಒಂದು ಮುಂಗಾಲು ಎತ್ತಿದಂತೆಯೇ, ಬಾಲ ನೀಳವಾಗಿ, ಉಸಿರೂ ಇಲ್ಲವೆಂಬಂತೆ. ಆಗ ಯಜಮಾನನು ನಡೆದುಹೋಗಿ ಹಕ್ಕಿಯನ್ನು ಎಬ್ಬಿಸುವವರೆಗೆ ಅದು ಕದಲದು. ಹಿಡಿಯಬೇಕೆಂಬ ಆಸೆಯೂ ಹಿಡಿಯಬಾರದೆಂಬ ಶಿಕ್ಷಣವೂ ಒಂದೇ ಮೈಯಲ್ಲಿ ನಡುಗುತ್ತಿದ್ದುದನ್ನು ನಾನು ಹತ್ತು ಮಾರು ದೂರದಿಂದ ಕಂಡಿದ್ದೇನೆ.

ನವೆಂಬರಿನ ಒಂದು ಸಂಜೆ ಮೇಗಿ ಹಾಗೆ ನಿಂತಿತು. ನಾವು ತುಳಿದು ಬಂದ ಜಾಗವೇ ಅದು. ಅಲ್ಲಿ ಏನೂ ಇಲ್ಲವೆಂದು ಮುದುಕರು ಕರೆದರು. ಅದು ಬರಲಿಲ್ಲ. ಮೂಗೂ ಹೋಯಿತೇ ಪಾಪ ಎಂದುಕೊಂಡೆ. ಅಷ್ಟರಲ್ಲಿ ಕಾಲಡಿಯಿಂದ ಹುಂಜ ಕೇಕೆ ಹಾಕುತ್ತ ಸಿಡಿದೆದ್ದಿತು. ಈಡು ತಡವಾಯಿತು, ರೆಕ್ಕೆ ಮುರಿದ ಹಕ್ಕಿ ನೀರಿನಾಚೆಯ ಜೊಂಡಿನೊಳಕ್ಕೆ ಓಡಿತು. ಫೆಸೆಂಟ್ ಓಡತೊಡಗಿದರೆ ಮನುಷ್ಯನಿಗೆ ಸಿಕ್ಕುವುದಲ್ಲ. ಮೇಗಿ ಹಿಂದೆಯೇ ಹೋಯಿತು. ಕಾಲು ಗಂಟೆ ಕಳೆಯಿತು, ಕತ್ತಲಾಗುತ್ತಿತ್ತು. ಕರೆದರೆ ಕೇಳದ ನಾಯಿಯನ್ನು ಕರೆಯುವುದಾದರೂ ಹೇಗೆ? ಮುದುಕರು ಒಂದು ದಂಡೆಗೆ, ನಾನು ಇನ್ನೊಂದಕ್ಕೆ ಹೋದೆವು.

ಮೇಗಿ ಬಂದದ್ದು ನನ್ನ ಬಳಿಗೆ. ನನ್ನ ಮೈಮೇಲಿದ್ದುದು ಯಜಮಾನನ ಕೋಟು. ಮಂಜುಗಣ್ಣಿಗೆ ಆ ವಾಸನೆಯೇ ಯಜಮಾನ. ಕೆಸರಿನಿಂದ ಎದ್ದು ಬಂದು ಹಕ್ಕಿಯನ್ನು ಮೆತ್ತಗೆ ನನ್ನ ಅಂಗೈಗೆ ಒಪ್ಪಿಸಿತು. ಜೀವವಿತ್ತು. ಎದೆಯ ಬಡಿತ ನನ್ನ ಬೆರಳಿಗೆ ತಾಗುತ್ತಿತ್ತು, ಕಣ್ಣು ಮುಚ್ಚಿ ತೆರೆಯುತ್ತಿತ್ತು. "ಕಾಯಿಸಬೇಡಿ, ಕತ್ತು ತಿರುವಿ!" ಎಂದು ಮುದುಕರು ಆಚೆ ದಂಡೆಯಿಂದ ಕೂಗಿದರು. ನನ್ನಿಂದಾಗಲಿಲ್ಲ. ಅವರು ಸುತ್ತಿ ಬರಲು ಐದಾರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಹಕ್ಕಿಯನ್ನು ಎದೆಗವಚಿಕೊಂಡು ನಿಂತಿದ್ದೆ; ಮೇಗಿ ನನ್ನ ಮುಖವನ್ನೇ ನೋಡುತ್ತಿತ್ತು. ಅದನ್ನು ಕರುಣೆಯೆಂದು ಆಗ ಭಾವಿಸಿದ್ದೆ. ಆ ಐದು ನಿಮಿಷದ ನೋವು ಮಾತ್ರ ಹಕ್ಕಿಯದು. ಮುದುಕರು ಬಂದು ಕ್ಷಣಾರ್ಧದಲ್ಲಿ ಮುಗಿಸಿದರು. ದಾರಿಯಲ್ಲಿ ಒಂದೇ ಮಾತು: "ತಡವಾಗಿ ಹೊಡೆದವನು ನಾನು."

ಹಕ್ಕಿಯನ್ನು ನಮ್ಮ ಮನೆಗೇ ಕೊಟ್ಟರು. ಅಮ್ಮ ಸೆರಗು ಸಿಕ್ಕಿಸಿ ಕುಳಿತು ಸರಸರನೆ ಪುಕ್ಕ ಕೀಳತೊಡಗಿದ್ದನ್ನು ನಾನೂ ಅಕ್ಕನೂ ಬೆರಗಾಗಿ ನೋಡಿದೆವು. ನಮ್ಮ ತಾತ ಕಾಡುಕೋಳಿ ಹೊಡೆಯುತ್ತಿದ್ದವರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕೋವಿ ಗೋಡೆಗೇರಿ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿಬರುವ ನೆಂಟನಾಯಿತು. ಅಮ್ಮನ ಬೆರಳುಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ಹುಂಜವೆಂದು ತೋರಿಸಲು ಸಾಗಿಸುವಾಗ ಕಾಲನ್ನು ಹಾಗೇ ಬಿಟ್ಟಿರುತ್ತಾರೆಂದು ವಿವರಿಸಿದೆ. "ಸತ್ತ ಮೇಲೂ ಸಾಕ್ಷಿ ಹೇಳ್ಬೇಕಾ, ಪಾಪ" ಎಂದು ಅಮ್ಮ ಅದನ್ನು ಒಲೆಯ ಉರಿಗೆ ಹಿಡಿದರು. ಹೊಗೆಯ ಗಂಟೆ ಕಿರುಚಿಕೊಂಡಿತು, ಕೂಸು ಎದ್ದು ಅತ್ತಿತು, ಭಾವ ಟವೆಲು ಬೀಸುತ್ತ ಓಡಿಬಂದರು. ಗದ್ದಲವಡಗಿದ ಮೇಲೆ ಜೊಂಡಿನ ಬಳಿ ನಡೆದುದನ್ನು ಹೇಳಿದೆ. ಅಮ್ಮ ಕೈ ನಿಲ್ಲಿಸದೆ, "ಆಗಲ್ಲ ಅಂದ್ರೆ ಕೈ ಒಡ್ಡಬಾರ್ದಿತ್ತು ಕಣೋ" ಎಂದರಷ್ಟೆ. ಸಾರು, ಕಡುಬು ಎದುರುಮನೆಗೂ ಹೋಯಿತು. ಮುದುಕರು ಕಣ್ಣೊರೆಸಿಕೊಂಡು ಖಾರವನ್ನು ಹೊಗಳಿದರು. ನಾನೂ ಉಂಡೆ; ಉಣ್ಣದಿರುವುದು ಆ ದಿನ ಇನ್ನೂ ದೊಡ್ಡ ಸುಳ್ಳಾಗುತ್ತಿತ್ತು.

ಡಿಸೆಂಬರಿನಲ್ಲಿ ಹಿಮ ಬಿದ್ದು ನಾಯಿಗೆ ನಡೆಯಲಾಗದಾಯಿತು. ನಾವು ಹೊರಟ ಬೆಳಿಗ್ಗೆ ಕೋಟನ್ನು ಮಡಿಸಿ ಹಿಂದಿರುಗಿಸಲು ಹೋದೆ. ಮುದುಕರು ಅದನ್ನು ತೋಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಮೇಗಿ ಮೆಲ್ಲಗೆ ಬಂದು ಕೋಟನ್ನು ಮೂಸಿತು. ಆಮೇಲೆ ನನ್ನ ಬರಿಗೈಯನ್ನು ಮೂಸಿತು. ಮತ್ತೆ ಕೋಟಿನ ಕಡೆಗೆ ತಿರುಗಿತು.