ಕಕ್ಕಿದ ಮೇಲೂ ಹಸಿವು

ನನ್ನ ಮೊದಲ ಮಗ ಹುಟ್ಟಿದಾಗ 2.9 ಕೆ.ಜಿ. ಇದ್ದ. ಬಾಣಂತನಕ್ಕೆ ತವರಿಗೆ, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಗೆ ಬಂದಿದ್ದೆ. ನಾಲ್ಕು ವಾರ ಚೆನ್ನಾಗಿ ಹಾಲು ಕುಡಿದು 3.5 ಕೆ.ಜಿ. ಆದ. ಆಮೇಲೆ ಕಕ್ಕಲು ಶುರು ಮಾಡಿದ.

ಕೂಸುಗಳು ಹಾಲು ಕಕ್ಕುವುದು ಯಾರಿಗೆ ಹೊಸದು? ಬಾಯಿಯ ಅಂಚಿನಿಂದ ಇಳಿಯುತ್ತದೆ, ಒರೆಸಿದರೆ ಮುಗಿಯಿತು. ಇದು ಹಾಗಿರಲಿಲ್ಲ. ಕುಡಿದ ಸ್ವಲ್ಪ ಹೊತ್ತಿಗೆ ಹಾಲೆಲ್ಲ ಚಿಮ್ಮಿ, ನನ್ನ ಮಡಿಲು ದಾಟಿ, ಚಾಪೆಯಾಚೆ ನೆಲಕ್ಕೆ ಬೀಳುತ್ತಿತ್ತು. ಒಡೆದ ಹಾಲು, ಹುಳಿ ವಾಸನೆ. ಕಕ್ಕಿದ ಮರುಗಳಿಗೆಗೇ ಮತ್ತೆ ಮೊಲೆ ಹುಡುಕುತ್ತಿದ್ದ. ಜಡ್ಡು ಬಿದ್ದ ಕೂಸು ಹಾಲು ಮುಟ್ಟುವುದಿಲ್ಲ ಎಂಬುದು ಮನೆಯವರ ನಂಬಿಕೆ. ಇವನ ಹಸಿವು ನೋಡಿ ಎಲ್ಲರೂ ಧೈರ್ಯವಾಗಿದ್ದರು.

ಒಬ್ಬ ಡಾಕ್ಟರು ಗ್ಯಾಸ್ ಎಂದು ಡ್ರಾಪ್ಸ್ ಬರೆದರು. ಇನ್ನೊಬ್ಬರು ಡಬ್ಬಿ ಹಾಲು ಕೊಟ್ಟು ನೋಡಿ ಎಂದರು, ಅದನ್ನೂ ಕಕ್ಕಿದ. ದೊಡ್ಡಮ್ಮ ದೃಷ್ಟಿ ತೆಗೆದಳು. ಓಣಿಯ ಮುದುಕಿಯೊಬ್ಬಳು ಹೊಟ್ಟೆಗೆ ಚುಟಿಗೆ ಹಾಕಿಸಿ ಅಂದಾಗ ಅವ್ವ ಎದ್ದು ನಿಂತು, "ಕೂಸಿನ ಮೈಗೆ ಬೆಂಕಿ ಮುಟ್ಟಿಸಾಕ ನಾ ಬಿಡಂಗಿಲ್ಲ" ಅಂದಳು. ಆ ಮಾತಿಗೆ ನಾನು ಅವ್ವನಿಗೆ ಇಂದಿಗೂ ಋಣಿ.

ಆರನೇ ವಾರದ ಭೇಟಿಗೆ ಬಂದ ಆಶಾ ಅಕ್ಕ ಕೂಸನ್ನು ತೂಗಿದರು. 3.1. ತಾಯಿ ಕಾರ್ಡ್ ನೋಡಿ ಇನ್ನೊಮ್ಮೆ ತೂಗಿದರು. ದಿನಕ್ಕೆ 20-30 ಗ್ರಾಂ ಏರಬೇಕಾದ ವಯಸ್ಸಿನಲ್ಲಿ ಮಗು ಇಳಿದಿತ್ತು. "ಉಚ್ಚಿ ಎಷ್ಟು ಸಲ ಹೊಯ್ತಾನವ್ವಾ?" ಎಂದು ಕೇಳಿದರು. ಬೆಳಗಿನಿಂದ ಬಟ್ಟೆ ಒಣಗಿಯೇ ಇತ್ತು. "ಇಲ್ಲಿ ಕುಂದರಬ್ಯಾಡ್ರಿ, ಈಗ್ಲೇ ದೊಡ್ಡಾಸ್ಪತ್ರಿಗೆ ಹೊರಡ್ರಿ" ಎಂದರು. ಜಗಳೂರಿನ ಮೇಲೆ ದಾವಣಗೆರೆಗೆ ಹೋದೆವು. ದಾರಿಯುದ್ದಕ್ಕೂ ಅವನ ನೆತ್ತಿ ಮುಟ್ಟಿ ನೋಡುತ್ತಿದ್ದೆ, ಒಳಕ್ಕೆ ಕುಸಿದಿತ್ತು.

ಮಕ್ಕಳ ಡಾಕ್ಟರು ಅಂಗಿ ಬಿಚ್ಚಿಸಿ, ಹಾಲು ಕುಡಿಸಲು ಹೇಳಿ, ಅವನ ಹೊಟ್ಟೆಯನ್ನೇ ನೋಡುತ್ತ ಕುಳಿತರು. ಚರ್ಮದ ಕೆಳಗೆ ಅಲೆಯೊಂದು ಎಡಪಕ್ಕೆಲುಬಿನ ಕೆಳಗಿಂದ ಎದ್ದು ನಿಧಾನ ಬಲಕ್ಕೆ ಸರಿಯಿತು. ಹಿಂದೆಯೇ ಇನ್ನೊಂದು. ಬಲಗಡೆ ಬೆರಳೊತ್ತಿ, ನನ್ನ ಬೆರಳನ್ನೂ ಅಲ್ಲಿಟ್ಟರು: ಬಾರಿಹಣ್ಣಿನಷ್ಟು ಗಟ್ಟಿ ಗಂಟು. ಜಠರದಿಂದ ಕರುಳಿಗೆ ಹೋಗುವ ಬಾಗಿಲಿನ ಸ್ನಾಯು ದಪ್ಪಗಾಗಿ ದಾರಿ ಮುಚ್ಚಿದೆ, ಪೈಲೋರಿಕ್ ಸ್ಟೆನೋಸಿಸ್ ಎಂದರು. ಸ್ಕ್ಯಾನಿಂಗ್‌ನಲ್ಲಿ ಸ್ನಾಯುವಿನ ದಪ್ಪ 5 ಮಿಲಿಮೀಟರ್ ಬಂತು. 3 ದಾಟಿದರೇ ಅನುಮಾನಿಸಬೇಕಂತೆ. ಗಂಡುಕೂಸುಗಳಲ್ಲಿ ಇದು ಹೆಣ್ಣುಕೂಸುಗಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು, ಚೊಚ್ಚಲು ಮಕ್ಕಳಲ್ಲಿ ಇನ್ನೂ ಹೆಚ್ಚು. ಬಾಣಂತಿ ಪಥ್ಯ ತಪ್ಪಿದ್ದಕ್ಕೆ ಬಂದದ್ದಲ್ಲ ಎಂದು ಅವರು ಅತ್ತೆಯ ಎದುರಿಗೇ ಹೇಳಿದರು.

ಆಪರೇಷನ್ ಅಂದ ತಕ್ಷಣ ಜೀವ ಬಾಯಿಗೆ ಬಂತು. ಆದರೆ ನನ್ನನ್ನು ನಿಜವಾಗಿ ಅರೆದದ್ದು ಆಪರೇಷನ್ ಅಲ್ಲ, ಅದಕ್ಕಾಗಿ ಕಾದದ್ದು. ರೋಗ ಗೊತ್ತಾದ ಮೇಲೂ ಅವನನ್ನು ಥಿಯೇಟರಿಗೆ ಒಯ್ಯಲಿಲ್ಲ. ಕಕ್ಕಿ ಕಕ್ಕಿ ಜಠರದ ಆಮ್ಲವೆಲ್ಲ ಹೋಗಿ ರಕ್ತ ಕ್ಷಾರವಾಗಿತ್ತು. ಕ್ಲೋರೈಡ್, ಪೊಟ್ಯಾಸಿಯಂ ಇಳಿದಿದ್ದವು. ಹೀಗಿರುವಾಗ ಅರಿವಳಿಕೆ ಕೊಟ್ಟರೆ ಆಮೇಲೆ ಉಸಿರೇ ನಿಲ್ಲಬಹುದು ಎಂದರು. ಹಾಲು ಬಂದ್. ಮೂಗಿಗೆ ನಳಿಗೆ, ಕೈಗೆ ಉಪ್ಪು-ಗ್ಲೂಕೋಸ್ ಡ್ರಿಪ್. ಅವನು ಉಚ್ಚೆ ಹೊಯ್ದ ಮೇಲೆಯೇ ಅದಕ್ಕೆ ಪೊಟ್ಯಾಸಿಯಂ ಸೇರಿಸಿದರು. ಮತ್ತೆ ಮತ್ತೆ ರಕ್ತ ಪರೀಕ್ಷೆ. ಕ್ಲೋರೈಡ್ 100ರ ಹತ್ತಿರ ಏರಬೇಕು, ಬೈಕಾರ್ಬನೇಟ್ 30ರ ಒಳಗೆ ಇಳಿಯಬೇಕು ಎಂದು ನರ್ಸಮ್ಮ ಬಿಡಿಸಿ ಹೇಳಿದ ಮೇಲೆ ಪ್ರತಿ ರಿಪೋರ್ಟಿನಲ್ಲೂ ನಾನು ಮೊದಲು ಹುಡುಕುತ್ತಿದ್ದದ್ದು ಆ ಎರಡು ಅಂಕಿ. ಕೂಸು ಹಸಿದು ಮುಷ್ಟಿ ಚೀಪುತ್ತಿತ್ತು. ನನ್ನ ಎದೆ ತುಂಬಿ ಕಲ್ಲಾಗಿ, ಸೀರೆ ನೆನೆಯುತ್ತಿತ್ತು. ನಮ್ಮನೆಯವರು ಸಿಟ್ಟಿಗೆದ್ದು, "ಕೊಯ್ಯೋದಾದ್ರೆ ಕೊಯ್ರಿ, ಇಲ್ಲಾ ಬೆಂಗಳೂರಿಗೆ ಒಯ್ತೀವಿ" ಅಂದರು. ಸರ್ಜನ್ ಸಿಟ್ಟಾಗಲಿಲ್ಲ. "ಆಪರೇಷನ್ ಅವಸರದ್ದಲ್ಲಪ್ಪಾ, ಈ ನೀರು-ಉಪ್ಪು ಅವಸರದ್ದು. ಅದನ್ನ ಈಗಾಗಲೇ ಮಾಡ್ತಿದೀವಿ" ಅಂದರು. ಆ ರಾತ್ರಿ ಮೊದಲ ಬಾರಿಗೆ ಅವನ ಬಟ್ಟೆ ಪೂರಾ ಒದ್ದೆಯಾಯಿತು. ನಾನು ಅದನ್ನು ಅವ್ವನಿಗೆ ತೋರಿಸಿ ಅತ್ತೆ.

ಅಂಕಿಗಳು ಸರಿಹೋದ ಮೇಲೆ ಒಯ್ದರು. ದಪ್ಪಗಾದ ಸ್ನಾಯುವನ್ನು ಉದ್ದಕ್ಕೆ ಸೀಳಿ, ಒಳಪೊರೆಗೆ ತಾಗದಂತೆ ಬಿಡಿಸಿ, ಸೀಳನ್ನು ಹೊಲಿಯದೆ ಹಾಗೇ ಬಿಡುತ್ತಾರೆ. ಜರ್ಮನಿಯ ಸರ್ಜನ್ ಕಾನ್ರಾಡ್ ರಾಮ್‌ಸ್ಟೆಟ್ 1911ರಲ್ಲಿ ಸ್ನಾಯು ಸೀಳಿ ಹೊಲಿಗೆ ಹಾಕಲು ಹೋದಾಗ ದಾರ ನಿಲ್ಲಲಿಲ್ಲ. ಕೂಸು ಮಾತ್ರ ಗುಣವಾಯಿತು. ಮುಂದಿನ ವರ್ಷ ಇನ್ನೊಂದು ಕೂಸಿಗೆ ಅವರು ಹೊಲಿಗೆಯ ಗೋಜಿಗೇ ಹೋಗಲಿಲ್ಲ. ಇಂದಿಗೂ ಅದೇ ಪದ್ಧತಿ.

ಕೆಲವು ಗಂಟೆ ಕಳೆದ ಮೇಲೆ ಹಾಲು ಕುಡಿಸಲು ಹೇಳಿದರು. ಎರಡು ಸಲ ಕಕ್ಕಿದಾಗ ನನ್ನ ಕೈಕಾಲು ತಣ್ಣಗಾದವು. ಒಂದೆರಡು ದಿನ ಹಾಗಾಗುತ್ತದೆ, ಕುಡಿಸುತ್ತಿರಿ ಎಂದರು. ಹಾಗೆಯೇ ಆಗಿ ನಿಂತಿತು.

ಒಡಹುಟ್ಟಿದವರಿಗೂ ಬರುವ ಸಂಭವ ಉಂಟು ಎಂದು ಮೊದಲೇ ಎಚ್ಚರಿಸಿದ್ದರಿಂದ, ಮಗಳು ಹುಟ್ಟಿದಾಗ ಮೂರನೇ ವಾರದಿಂದ ಆಶಾ ಅಕ್ಕನೇ ಆಗಾಗ ಬಂದು ತೂಗಿದರು. ಅವಳಿಗೆ ಏನೂ ಆಗಲಿಲ್ಲ. ಈಗ ಓಣಿಯಲ್ಲಿ ಯಾವ ಕೂಸು ಕಕ್ಕಿದರೂ ನನ್ನನ್ನು ಕರೆಯುತ್ತಾರೆ. ದೂರಕ್ಕೆ ಚಿಮ್ಮುತ್ತದೆಯೇ, ಕಕ್ಕಿದ ಮೇಲೂ ಹಸಿವೇ, ಬಟ್ಟೆ ಒದ್ದೆಯಾಗುತ್ತಿದೆಯೇ ಎಂದು ಕೇಳುತ್ತೇನೆ. ತೂಗಿಸಿ ಬನ್ನಿ ಎನ್ನುತ್ತೇನೆ. ಕಕ್ಕಿದ್ದು ಹಸಿರಾಗಿದ್ದರೆ ಮಾತ್ರ ಏನನ್ನೂ ಕೇಳುವುದಿಲ್ಲ. ಅದು ಬೇರೆ ರೋಗ, ಕರುಳು ತಿರುಚಿಕೊಂಡಿರಬಹುದು, ಅದೇ ಗಳಿಗೆಗೆ ಆಸ್ಪತ್ರೆಗೆ ಕಳಿಸುತ್ತೇನೆ.