ರುಮಾಲಿಗೂ ಜಾಗವುಂಟು

ಸಿಂಧನೂರಿನಿಂದ ಮಸ್ಕಿ ಮೇಲೆ ಹಾಯ್ದು ಲಿಂಗಸುಗೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಸಣ್ಣ ಕಾರಿನ ಗುಣ ತಿಳಿಯಲು ಒಳ್ಳೆಯ ದಾರಿ. ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳು, ಭತ್ತ ಹೇರಿದ ಟ್ರ್ಯಾಕ್ಟರುಗಳು. ಮುಂದೆ ಎರೆಹೊಲ, ಬಂಡೆಗುಡ್ಡ, ಉರಿಬಿಸಿಲು.

1983ರಲ್ಲಿ ಬಂದ ಮಾರುತಿ 800 ಏರಿದರೆ ನಮ್ಮ ಅಜ್ಜ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. 1999ರಲ್ಲಿ ಬಂದ ವ್ಯಾಗನ್-ಆರ್ ಆ ತೊಂದರೆ ತಪ್ಪಿಸಿತು. ಮೇಲ್ಛಾವಣಿ ಎತ್ತರ, ಸೀಟೂ ಎತ್ತರ. ಮೊಣಕಾಲು ನೋವಿನವರು ಬಗ್ಗದೆ ಕೂರಬಹುದು. 2019ರ ಮಾದರಿಯ ಡಿಕ್ಕಿ 341 ಲೀಟರಿನದು. ಹಾಸ್ಟೆಲಿಗೆ ಹೊರಟ ಮಗಳ ಟ್ರಂಕು, ಹಾಸಿಗೆ, ರೊಟ್ಟಿಗಂಟು ಎಲ್ಲವೂ ಹಿಡಿದವು. 800ರಲ್ಲಾದರೆ ಹಾಸಿಗೆ ಅಮ್ಮನ ಮಡಿಲಿಗೇ!

ಮಸ್ಕಿಯಲ್ಲಿ ಇಳಿಯದೆ ಹೋಗಬೇಡಿ. ಪಠ್ಯಪುಸ್ತಕದ ‘ದೇವಾನಾಂಪ್ರಿಯ’ ಅಶೋಕನೇ ಎಂದು ಸಾರಿದ ಶಾಸನ 1915ರಲ್ಲಿ ಪತ್ತೆಯಾದದ್ದು ಇಲ್ಲೇ.

ಇನ್ನು ಎಂಜಿನ್. ಐವರು, ಸಾಮಾನು, ಎ.ಸಿ. ಸೇರಿದರೆ ಒಂದು ಲೀಟರಿನ ಯಾವ ಎಂಜಿನ್ನೂ ಗೇರ್ ಇಳಿಸದೆ ಟ್ರ್ಯಾಕ್ಟರ್ ದಾಟದು. ಪದೇ ಪದೇ ಲಿಂಗಸುಗೂರಿಗೆ ಹೋಗುವವರು 1.2 ಲೀಟರಿನದನ್ನು ನೋಡುವುದು ಮೇಲು. ಭತ್ತದ ದುಡ್ಡು ಕಟ್ಟುವ ಮುನ್ನ ಪಾಲಕರು ಒಬ್ಬರೇ ಓಡಿಸಿ ನೋಡಿದರೆ ಸಾಲದು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಮಟಮಟ ಮಧ್ಯಾಹ್ನ, ಮಸ್ಕಿವರೆಗಾದರೂ ಹೋಗಿಬರಲಿ.